ಜಾಗ ಇದೆ, ಆದರೂ ಜಾಗ ಇಲ್ಲ: ಸರ್ವರ್‌ನ ಫೈಲ್ ಸಿಸ್ಟಮ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ರಾತ್ರಿ ಹನ್ನೊಂದೂವರೆ. ಡಿಸ್ಕ್ ನೂರಕ್ಕೆ ನೂರು ತುಂಬಿದೆ ಅಂತ ಸರ್ವರ್‌ನಿಂದ ಅಲರ್ಟ್ ಬಂತು. ನಾನಾಗ ಈ ಕೆಲಸಕ್ಕೆ ಹೊಸಬ. ಲಾಗಿನ್ ಆಗಿ ಹುಡುಕಿದರೆ ಒಂದೇ ಒಂದು ಲಾಗ್ ಫೈಲ್ 38 ಜಿಬಿ ಬೆಳೆದು ಕೂತಿತ್ತು. ಕಳ್ಳ ಸಿಕ್ಕಿಬಿದ್ದ ಅನ್ನುವ ಖುಷಿಯಲ್ಲಿ ಡಿಲೀಟ್ ಮಾಡಿದೆ. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಕೊಟ್ಟೆ. ನೂರು. ಇನ್ನೊಂದು ಸಲ ಕೊಟ್ಟೆ. ನೂರೇ. ಫೈಲೂ ಹೋಯಿತು, ಜಾಗವೂ ಬರಲಿಲ್ಲ.

ಮುಂದೆ ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ಮುಜುಗರ. ಫೈಲ್ ಸಿಸ್ಟಮೇ ಕೆಟ್ಟಿರಬೇಕು ಅಂದುಕೊಂಡು, ಓಡುತ್ತಿದ್ದ ಸರ್ವರ್‌ನ ಡಿಸ್ಕ್ ಮೇಲೆ ನೇರವಾಗಿ ಎಫ್‌ಎಸ್‌ಸಿಕೆ ಅನ್ನುವ ರಿಪೇರಿ ಟೂಲ್ ಹಾಕಲು ಹೋದೆ. ಡಿಸ್ಕ್ ಮೌಂಟ್ ಆಗಿದೆ (ಅಂದರೆ ಬಳಕೆಗೆ ಜೋಡಿಸಿದೆ), ಮುಂದುವರಿಯಲು ಆಗಲ್ಲ ಅಂತ ಅದು ನಿಂತುಬಿಟ್ಟಿತು. ಪುಣ್ಯಕ್ಕೆ ಆ ಟೂಲ್‌ಗೆ ನನಗಿಂತ ಜಾಸ್ತಿ ಬುದ್ಧಿ ಇತ್ತು.

ಡಿಸ್ಕಿಗೆ ಏನೂ ಆಗಿರಲಿಲ್ಲ. ಫೈಲ್ ಸಿಸ್ಟಮ್ ತನ್ನ ನಿಯಮದ ಪ್ರಕಾರ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಆ ನಿಯಮ ನನಗೆ ಗೊತ್ತಿರಲಿಲ್ಲ, ಅಷ್ಟೇ. 'ಫೈಲ್ ಸಿಸ್ಟಮ್ ಪ್ರಾಬ್ಲಮ್' ಅಂತ ಇವತ್ತಿಗೂ ನನ್ನ ಹತ್ತಿರ ಬರುವ ದೂರುಗಳಲ್ಲಿ ಇಂಥವೇ ಜಾಸ್ತಿ. ನಿಜವಾಗಿಯೂ ಫೈಲ್ ಸಿಸ್ಟಮ್ ಮುರಿದಿರುವುದು ನಾನು ಕಂಡ ಹಾಗೆ ಅಪರೂಪ. ಮುರಿದಿದ್ದರೂ, ಎಷ್ಟೋ ಸಲ ಅದನ್ನು ಮುರಿದದ್ದು ಅದರ ಕೆಳಗಿರುವ ಇನ್ನೇನೋ. ಹಾಗಾಗಿ ರಿಪೇರಿ ಟೂಲ್‌ಗೆ ಕೈ ಹಾಕುವ ಮೊದಲು, ಡಿಸ್ಕಿಗೆ ಏನೂ ಬರೆಯದೆ, ಬರೀ ಓದಿ ತೊಂದರೆಯ ಜಾಗ ಪತ್ತೆ ಮಾಡುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ಮಾತು ಲಿನಕ್ಸ್ ಸರ್ವರ್ ಬಗ್ಗೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ.

ಹೆಸರು ಬೇರೆ, ಫೈಲ್ ಬೇರೆ

ಡಿಸ್ಕ್ ಅಂದರೆ ನಂಬರ್ ಹಾಕಿದ ಬ್ಲಾಕ್‌ಗಳ ಉದ್ದನೆಯ ಸಾಲು. ಅದಕ್ಕೆ ಫೈಲ್, ಫೋಲ್ಡರ್ ಏನೂ ಗೊತ್ತಿಲ್ಲ. ಯಾವ ಬ್ಲಾಕ್ ಯಾರದ್ದು ಅಂತ ಲೆಕ್ಕ ಇಡುವುದು ಫೈಲ್ ಸಿಸ್ಟಮ್ ಕೆಲಸ. ಪ್ರತಿ ಫೈಲ್‌ಗೂ ಈ ಲೆಕ್ಕದಲ್ಲಿ ಒಂದು ದಾಖಲೆ ಇರುತ್ತದೆ. ಅದಕ್ಕೆ ಐನೋಡ್ ಅಂತ ಹೆಸರು. ಫೈಲ್ ಎಷ್ಟು ದೊಡ್ಡದು, ಮಾಲೀಕ ಯಾರು, ಪರ್ಮಿಷನ್ ಏನು, ಯಾವ ಬ್ಲಾಕ್‌ಗಳಲ್ಲಿ ಇದೆ, ಎಲ್ಲ ಅಲ್ಲೇ. ಒಂದು ಮಾತ್ರ ಅಲ್ಲಿಲ್ಲ: ಫೈಲ್‌ನ ಹೆಸರು. ಹೆಸರು ಇರುವುದು ಡೈರೆಕ್ಟರಿಯಲ್ಲಿ. ಡೈರೆಕ್ಟರಿ ಅಂದರೆ 'ಈ ಹೆಸರಿಗೆ ಈ ಐನೋಡ್ ನಂಬರ್' ಅನ್ನುವ ಪಟ್ಟಿ.

ನಾವು ಡಿಲೀಟ್ ಅಂದಾಗ ಹೋಗುವುದು ಹೆಸರು. ಐನೋಡ್‌ಗೆ ಇನ್ನೊಂದು ಹೆಸರು ಇಲ್ಲದಿದ್ದರೆ, ಯಾವ ಪ್ರೋಗ್ರಾಮೂ ಅದನ್ನು ತೆರೆದುಕೊಂಡಿಲ್ಲದಿದ್ದರೆ, ಆಗ ಮಾತ್ರ ಬ್ಲಾಕ್‌ಗಳು ಬಿಡುಗಡೆ. ನನ್ನ 38 ಜಿಬಿ ಫೈಲನ್ನು ಅಪ್ಲಿಕೇಶನ್ ಇನ್ನೂ ತೆರೆದುಕೊಂಡೇ ಇತ್ತು. ಹೆಸರಿಲ್ಲದ ಆ ಫೈಲ್‌ಗೆ ಬರೆಯುತ್ತಲೂ ಇತ್ತು!

ಇದನ್ನು ಹಿಡಿಯುವುದು ಸುಲಭ. ಡಿಎಫ್ ಕೇಳುವುದು ಫೈಲ್ ಸಿಸ್ಟಮ್‌ನ ಒಟ್ಟು ಲೆಕ್ಕವನ್ನು. ಡಿಯು ಒಂದೊಂದೇ ಹೆಸರು ಹಿಡಿದು ಓಡಾಡಿ ಕೂಡಿಸುತ್ತದೆ. ಡಿಎಫ್ 95 ಜಿಬಿ ಅಂದು, ಡಿಯು 57 ಅಂದರೆ, ನಡುವಿನ 38 ಜಿಬಿಗೆ ಹೆಸರಿಲ್ಲ ಅಂತಾಯಿತು. ಆಗ ಎಲ್‌ಎಸ್‌ಒಎಫ್ ಕಮಾಂಡ್‌ಗೆ ಪ್ಲಸ್, ದೊಡ್ಡ ಎಲ್, ಒಂದು ಅಂತ ಕೊಡಿ. ಹೆಸರು ಕಳೆದುಕೊಂಡು ಇನ್ನೂ ತೆರೆದೇ ಇರುವ ಫೈಲ್‌ಗಳು, ಅವನ್ನು ಹಿಡಿದುಕೊಂಡ ಪ್ರಾಸೆಸ್‌ನ ನಂಬರ್ ಸಮೇತ ಬರುತ್ತವೆ. ಸಾಲಿನ ಕೊನೆಯಲ್ಲಿ 'ಡಿಲೀಟೆಡ್' ಅಂತಲೂ ಇರುತ್ತದೆ. ಆ ಸರ್ವಿಸ್ ಅನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಆಗಲೇ ವಾಪಸ್. ರೀಸ್ಟಾರ್ಟ್ ಮಾಡುವ ಹಾಗಿಲ್ಲವೇ? ಓಡುತ್ತಿರುವ ಪ್ರೋಗ್ರಾಮ್‌ಗಳ ಮಾಹಿತಿ ಇರುವ ಪ್ರಾಕ್ ಡೈರೆಕ್ಟರಿಯ ಕೆಳಗೆ ಆ ಪ್ರಾಸೆಸ್‌ನ ನಂಬರಿನ ಡೈರೆಕ್ಟರಿ, ಅದರೊಳಗೆ ಎಫ್‌ಡಿ ಡೈರೆಕ್ಟರಿ ಇರುತ್ತದೆ. ಅಲ್ಲಿ ಆ ಫೈಲ್ ಇನ್ನೂ ಸಿಗುತ್ತದೆ, ಅದನ್ನು ಸೊನ್ನೆಗೆ ಟ್ರಂಕೇಟ್ ಮಾಡಬಹುದು, ಅಂದರೆ ಫೈಲ್ ಉಳಿಸಿಕೊಂಡು ಒಳಗಿದ್ದದ್ದನ್ನು ಖಾಲಿ ಮಾಡಬಹುದು. ಓಡುತ್ತಿರುವ ಲಾಗ್ ಫೈಲನ್ನು ಮೊದಲೇ ಡಿಲೀಟ್ ಮಾಡದೆ ಟ್ರಂಕೇಟ್ ಮಾಡಿದ್ದರೆ ಇಷ್ಟು ಒದ್ದಾಟವೇ ಇರುತ್ತಿರಲಿಲ್ಲ.

'ಜಾಗ ಇಲ್ಲ' ಅನ್ನುವುದಕ್ಕೆ ಹಲವು ಅರ್ಥ

ಲಿನಕ್ಸ್‌ನ ತಿರುಳಾದ ಕರ್ನಲ್ ಕೊಡುವ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎರರ್‌ನ ನಂಬರ್ 28. ಇದರಷ್ಟು ದಾರಿ ತಪ್ಪಿಸುವ ಎರರ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಬ್ಲಾಕ್ ಮುಗಿದರೂ ಇದೇ, ಐನೋಡ್ ಮುಗಿದರೂ ಇದೇ.

ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಐನೋಡ್‌ಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಸಾಮಾನ್ಯವಾಗಿ 16 ಕೆಬಿ ಜಾಗಕ್ಕೆ ಒಂದರ ಲೆಕ್ಕ. 100 ಜಿಬಿ ಡಿಸ್ಕಿಗೆ ಸುಮಾರು 65 ಲಕ್ಷ ಬರುತ್ತವೆ. ಕೇಳಲು ತುಂಬಾ ಅನಿಸುತ್ತದೆ ಅಲ್ವಾ? ಸೆಷನ್ ಫೈಲ್‌ಗಳನ್ನು ಅಳಿಸದೆ ಬಿಟ್ಟ ಒಂದು ವೆಬ್ ಅಪ್ಲಿಕೇಶನ್ ಸಾಕು, ಕೆಲವು ತಿಂಗಳಲ್ಲಿ ಮುಗಿಸಿಬಿಡುತ್ತದೆ. ಒಂದೊಂದು ಫೈಲೂ ಇನ್ನೂರು ಬೈಟ್. ಡಿಎಫ್ ನೋಡಿದರೆ ಅರ್ಧ ಡಿಸ್ಕ್ ಖಾಲಿ. ಹೊಸ ಫೈಲ್ ಮಾತ್ರ ಒಂದೂ ಹುಟ್ಟುವುದಿಲ್ಲ. ಡಿಎಫ್‌ಗೆ ಐ ಆಪ್ಷನ್ ಕೊಟ್ಟರೆ ಬ್ಲಾಕ್ ಬದಲು ಐನೋಡ್ ಲೆಕ್ಕ ತೋರಿಸುತ್ತದೆ. ಅಲ್ಲಿ ನೂರು ಕಂಡರೆ ಕಥೆ ಮುಗಿಯಿತು.

ಲಕ್ಷಗಟ್ಟಲೆ ಫೈಲ್ ಇರುವ ಡೈರೆಕ್ಟರಿಯಲ್ಲಿ ಆರ್‌ಎಂ ಜೊತೆ ನಕ್ಷತ್ರ ಚಿಹ್ನೆ ಹಾಕಿದರೆ ಆರ್ಗ್ಯುಮೆಂಟ್ ಪಟ್ಟಿ ಉದ್ದವಾಯಿತು ಅಂತ ಶೆಲ್ ಬೈಯುತ್ತದೆ. ಫೈಂಡ್ ಕಮಾಂಡ್‌ನ ಡಿಲೀಟ್ ಆಪ್ಷನ್ ಬಳಸಿ. ಮೊದಲು ಡಿಲೀಟ್ ಇಲ್ಲದೆ ಓಡಿಸಿ, ಯಾವ ಫೈಲ್‌ಗಳು ಹೋಗಲಿವೆ ಅಂತ ಕಣ್ಣಾರೆ ನೋಡಿಕೊಳ್ಳಿ. ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಬಗೆಯ ಫೈಲ್ ಸಿಸ್ಟಮ್ ಆದರೆ ಐನೋಡ್‌ಗಳನ್ನು ಬೇಕಾದ ಹಾಗೆ ಮಾಡಿಕೊಳ್ಳುತ್ತಾ ಹೋಗುತ್ತದೆ, ಅಲ್ಲಿ ಈ ಕಾಟ ಕಡಿಮೆ.

ಇಎಕ್ಸ್‌ಟಿ4ದೇ ಇನ್ನೊಂದು ಗುಟ್ಟು: ನಾವು ಬೇರೆ ಹೇಳದಿದ್ದರೆ ಶೇಕಡಾ 5ರಷ್ಟು ಜಾಗವನ್ನು ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೆ ಅಂತ ಎತ್ತಿಟ್ಟಿರುತ್ತದೆ. ಹಾಗಾಗಿ ಅಪ್ಲಿಕೇಶನ್‌ಗೆ ಜಾಗ ಇಲ್ಲ, ರೂಟ್ ಆಗಿ ಬರೆದು ನೋಡಿದರೆ ಬರೆಯುತ್ತದೆ. ಸಿಸ್ಟಮ್ ಡಿಸ್ಕಿನಲ್ಲಿ ಇದು ಒಳ್ಳೆಯದೇ, ಎಲ್ಲ ತುಂಬಿದಾಗಲೂ ನೀವು ಒಳಗೆ ಹೋಗಿ ಸರಿಪಡಿಸಬಹುದು. ಬರೀ ಡೇಟಾ ಇಡುವ 4 ಟಿಬಿ ಡಿಸ್ಕಿನಲ್ಲಿ 200 ಜಿಬಿ ಸುಮ್ನೆ ಕೂತಿರುತ್ತದೆ. ಟ್ಯೂನ್‌2ಎಫ್‌ಎಸ್‌ನಲ್ಲಿ ಇದನ್ನು ಕಡಿಮೆ ಮಾಡಬಹುದು.

ನನಗೆ ಅತಿ ಹೆಚ್ಚು ತಲೆ ಕೆಡಿಸಿದ್ದು ಮಾತ್ರ ಇದ್ಯಾವುದೂ ಅಲ್ಲ. ಬ್ಯಾಕಪ್‌ಗೆ ಅಂತ ಬೇರೆ ಡಿಸ್ಕ್ ಇತ್ತು, ಬ್ಯಾಕಪ್ ಅನ್ನುವ ಡೈರೆಕ್ಟರಿಯ ಮೇಲೆ ಮೌಂಟ್ ಆಗುತ್ತಿತ್ತು. ಒಂದು ದಿನ ರೀಬೂಟ್ ಆದಾಗ ಅದು ಮೌಂಟ್ ಆಗಲಿಲ್ಲ. ಸ್ಕ್ರಿಪ್ಟ್‌ಗೆ ಅದೆಲ್ಲ ಗೊತ್ತಾಗಬೇಕಲ್ಲ! ಖಾಲಿ ಡೈರೆಕ್ಟರಿಗೇ, ಅಂದರೆ ಸಿಸ್ಟಮ್ ಇರುವ ರೂಟ್ ಡಿಸ್ಕಿಗೇ, ನಾಲ್ಕು ದಿನ ಬ್ಯಾಕಪ್ ಸುರಿಯಿತು. ಆಮೇಲೆ ಯಾರೋ ಡಿಸ್ಕನ್ನು ಕೈಯಾರೆ ಮೌಂಟ್ ಮಾಡಿದರು. ಸುರಿದದ್ದೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋಯಿತು. ಡಿಯು ಕಣ್ಣಿಗೆ ಬೀಳುವುದಿಲ್ಲ, ತೆರೆದ ಫೈಲ್‌ಗಳ ಪಟ್ಟಿಯಲ್ಲೂ ಇಲ್ಲ. ರೂಟ್ ಫೈಲ್ ಸಿಸ್ಟಮ್ ಅನ್ನು ಬೇರೊಂದು ಜಾಗಕ್ಕೆ ಬೈಂಡ್ ಮೌಂಟ್ ಮಾಡಿ ಆ ಕಡೆಯಿಂದ ಇಣುಕಿದಾಗ ನಾಲ್ಕು ದಿನದ ಬ್ಯಾಕಪ್ ಸಾಲಾಗಿ ಕೂತಿತ್ತು.

ಇಷ್ಟೂ ಅಲ್ಲದಿದ್ದರೆ? ಫೈಲ್‌ಗಳ ಬದಲಾವಣೆ ಗಮನಿಸುವ ಐನೋಟಿಫೈ ವಾಚ್‌ಗಳ ಮಿತಿ ಮುಗಿದರೂ ಇದೇ 28ನೇ ಎರರ್ ಬರುತ್ತದೆ. ಅದಕ್ಕೂ ಡಿಸ್ಕಿಗೂ ಸಂಬಂಧವೇ ಇಲ್ಲ.

ಇದ್ದಕ್ಕಿದ್ದಂತೆ ರೀಡ್ ಓನ್ಲಿ

ಈಗ ನಿಜವಾದ ತೊಂದರೆಗೆ ಬರೋಣ. ಸರ್ವರ್ ಓಡುತ್ತಿದೆ. ಏನೇ ಬರೆಯಲು ಹೋದರೂ 'ರೀಡ್ ಓನ್ಲಿ ಫೈಲ್ ಸಿಸ್ಟಮ್' ಅನ್ನುತ್ತದೆ. ತನ್ನ ಲೆಕ್ಕದಲ್ಲಿ ಏನೋ ತಾಳೆಯಾಗುತ್ತಿಲ್ಲ ಅಂತ ಫೈಲ್ ಸಿಸ್ಟಮ್‌ಗೆ ಗೊತ್ತಾಗಿದೆ. ಮುಂದೆ ಬರೆದರೆ ಇನ್ನಷ್ಟು ಹಾಳಾಗಬಹುದು ಅಂತ ತಾನೇ ಬಾಗಿಲು ಹಾಕಿಕೊಂಡಿದೆ. ಇಎಕ್ಸ್‌ಟಿ4 ಹೀಗೆ ಮಾಡುವುದು 'ಎರರ್ಸ್ ಈಕ್ವಲ್ಸ್ ರೀಮೌಂಟ್ ಆರ್‌ಒ' ಅನ್ನುವ ಸೆಟ್ಟಿಂಗ್ ಇದ್ದಾಗ. ಎಕ್ಸ್‌ಎಫ್‌ಎಸ್ ಇನ್ನೂ ಖಡಕ್, ಇಡೀ ಫೈಲ್ ಸಿಸ್ಟಮ್ ಅನ್ನೇ ಶಟ್‌ಡೌನ್ ಮಾಡುತ್ತದೆ.

ಈ ಹೊತ್ತಲ್ಲಿ ಎರಡು ಆಸೆ ಹುಟ್ಟುತ್ತವೆ. ಒಂದು, ಮತ್ತೆ ರೀಡ್ ರೈಟ್ ಆಗಿ ರೀಮೌಂಟ್ ಮಾಡುವುದು. ಇನ್ನೊಂದು, ರೀಬೂಟ್ ಹೊಡೆಯುವುದು. ಎರಡೂ ಬೇಡ. ಮೊದಲು ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಕಮಾಂಡ್ ಕೊಟ್ಟು, ಬಂದದ್ದನ್ನೆಲ್ಲ ನಿಮ್ಮ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿಕೊಳ್ಳಿ. ಲಾಗ್ ಬರೆಯುವ ಡಿಸ್ಕೇ ರೀಡ್ ಓನ್ಲಿ ಆಗಿದ್ದರೆ ಈ ಎರರ್‌ಗಳು ಲಾಗ್ ಫೈಲ್‌ಗೆ ಬಿದ್ದಿರುವುದೇ ಇಲ್ಲ. ಅವು ಇರುವುದು ಮೆಮೊರಿಯಲ್ಲಿ ಮಾತ್ರ. ರೀಬೂಟ್ ಮಾಡಿದಿರೋ, ಸಾಕ್ಷಿ ಹೋಯಿತು.

ಕಾಪಿ ಮಾಡಿದ ಮೇಲೆ ನಿಧಾನವಾಗಿ, ಮೊದಲ ಎರರ್ ಎಲ್ಲಿದೆ ಅಂತ ಹುಡುಕಿ. ಕೊನೆಯದ್ದಲ್ಲ, ಮೊದಲನೆಯದ್ದು. ನಂತರದವು ಅದರ ಮರಿಗಳು. ಮೊದಲ ಸಾಲು 'ಐಒ ಎರರ್' (ಡಿಸ್ಕಿನಿಂದ ಓದಲು, ಬರೆಯಲು ಆಗಲಿಲ್ಲ) ಅಂತ ಶುರುವಾಗಿ ಡಿಸ್ಕಿನ ಹೆಸರು, ಸೆಕ್ಟರ್ ನಂಬರ್ ಹೇಳುತ್ತಿದ್ದರೆ ತೊಂದರೆ ಕೆಳಗಿದೆ: ಡಿಸ್ಕ್, ಕೇಬಲ್, ಕಂಟ್ರೋಲರ್, ಇಲ್ಲವೇ ವರ್ಚುವಲ್ ಮಷಿನ್ ಆದರೆ ಆಚೆಗಿರುವ ಸ್ಟೋರೇಜ್. ಐಒ ಎರರ್ ಒಂದೂ ಇಲ್ಲದೆ ನೇರವಾಗಿ 'ಇಎಕ್ಸ್‌ಟಿ4 ಎಫ್‌ಎಸ್ ಎರರ್' ಬಂದಿದ್ದರೆ ಕೆಳಗಿನ ಪದರ ದೂರು ಹೇಳಿಲ್ಲ, ಲೆಕ್ಕದ ಪುಸ್ತಕದಲ್ಲೇ ತಪ್ಪಿದೆ. ಈ ವ್ಯತ್ಯಾಸದ ಮೇಲೆ ಮುಂದಿನದ್ದೆಲ್ಲ ನಿಂತಿದೆ.

ಕೆಳಗಿನದ್ದು ಅನಿಸಿದರೆ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಹಾಕಿ ಡಿಸ್ಕನ್ನೇ ಕೇಳಿ. ಹಾರ್ಡ್ ಡಿಸ್ಕ್ ಆದರೆ ನಾನು ಮೂರು ನಂಬರ್ ನೋಡುತ್ತೇನೆ. 5ನೆಯದು, ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರ್‌ಗಳು. 197ನೆಯದು, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. ಇವು ದಿನದಿನಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಆಸೆ ಬಿಡಿ. 199ನೆಯದು ಮಾತ್ರ ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ, ಡಿಸ್ಕ್ ಬಿಟ್ಟು ಕೇಬಲ್ ಬದಲಿಸಿ ನೋಡಿ. ಡಿಸ್ಕಿಗೂ ಕಂಟ್ರೋಲರ್‌ಗೂ ನಡುವೆ ಡೇಟಾ ಕೆಡುತ್ತಿದೆ ಅಂತ ಅದರ ಅರ್ಥ. ಕೇಬಲ್ ಬದಲಿಸಿದರೂ ಹಳೆಯ ಸಂಖ್ಯೆ ಇಳಿಯುವುದಿಲ್ಲ, ಹೊಸದಾಗಿ ಏರದಿದ್ದರೆ ಸಾಕು.

ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಇದ್ದರೆ ಪ್ರಾಕ್ ಕೆಳಗಿನ ಎಂಡಿಸ್ಟ್ಯಾಟ್ ಫೈಲ್ ಓದಿ. ಎರಡು ಡಿಸ್ಕಿನ ಮಿರರ್‌ಗೆ ಚೌಕ ಬ್ರಾಕೆಟ್ ಒಳಗೆ ಎರಡು ಯು ಅಕ್ಷರ ಇರಬೇಕು. ಒಂದು ಯು, ಪಕ್ಕದಲ್ಲಿ ಒಂದು ಅಡಿಗೆರೆ ಇದ್ದರೆ ಒಂದು ಡಿಸ್ಕ್ ಆಗಲೇ ಹೊರಬಿದ್ದಿದೆ. ಎಷ್ಟೋ ಸರ್ವರ್‌ಗಳು ಹೀಗೆ ಒಂಟಿ ಕಾಲಲ್ಲಿ ತಿಂಗಳುಗಟ್ಟಲೆ ನಿಂತಿರುತ್ತವೆ. ಎರಡನೆಯದು ಕೈಕೊಟ್ಟಾಗಲೇ ಎಲ್ಲರಿಗೂ ಗೊತ್ತಾಗುವುದು.

ಇಲ್ಲಿ ಒಂದು ಅಡ್ಡಮಾತು. ಪ್ರೋಗ್ರಾಮ್ 'ಬರೆದೆ' ಅಂದ ತಕ್ಷಣ ಡೇಟಾ ಡಿಸ್ಕಿಗೆ ಹೋಗಿರುವುದಿಲ್ಲ, ಮೆಮೊರಿಯಲ್ಲಿ ಕಾಯುತ್ತಿರುತ್ತದೆ. ಖಚಿತವಾಗಿ ಡಿಸ್ಕಿಗೆ ಇಳಿಸು ಅನ್ನಲು ಎಫ್‌ಸಿಂಕ್ ಇದೆ. ಅದು ಒಮ್ಮೆ ಫೇಲ್ ಆದ ಮೇಲೆ ಎರಡನೇ ಸಲ ಕೇಳಿದರೆ ಲಿನಕ್ಸ್ 'ಎಲ್ಲ ಸರಿ' ಅನ್ನಬಹುದು, ಯಾಕೆಂದರೆ ಬರೆಯಲಾಗದ ಪೇಜ್‌ಗಳನ್ನೂ ಬರೆದಾಯಿತು ಅಂತ ಗುರುತು ಹಾಕಿಬಿಟ್ಟಿರುತ್ತದೆ. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೆವಲಪರ್‌ಗಳ ನಡುವೆ ಇದು ದೊಡ್ಡ ಚರ್ಚೆಯಾಯಿತು. ಎಫ್‌ಸಿಂಕ್ ಫೇಲ್ ಆದರೆ ಡೇಟಾಬೇಸ್ ತಾನೇ ಬಿದ್ದು, ತನ್ನ ಲಾಗ್‌ನಿಂದ ಮತ್ತೆ ಎದ್ದು ಬರುವ ಹಾಗೆ ಕೊನೆಗೆ ಬದಲಿಸಿದರು. ಡಿಮೆಸೇಜ್‌ನಲ್ಲಿ ಐಒ ಎರರ್ ಕಂಡ ಮೇಲೂ 'ಅಪ್ಲಿಕೇಶನ್ ಓಡುತ್ತಿದೆಯಲ್ಲ' ಅಂತ ಸಮಾಧಾನ ಪಟ್ಟುಕೊಳ್ಳುವವರಿಗೆ ನಾನು ಈ ಕಥೆ ಹೇಳುತ್ತೇನೆ.

ನೇತಾಡುವ ಡಿಎಫ್, ಏಳದ ಸರ್ವರ್

ಎರರೇ ಇಲ್ಲ, ಸುಮ್ನೆ ನೇತಾಡುತ್ತಿದೆ. ಡಿಎಫ್ ಕೊಟ್ಟರೆ ಪ್ರಾಂಪ್ಟ್ ವಾಪಸ್ ಬರುವುದಿಲ್ಲ. ಲೋಡ್ ಆವರೇಜ್ (ಸಾಲಲ್ಲಿರುವ ಕೆಲಸಗಳ ಸರಾಸರಿ) 40, ಸಿಪಿಯು ಮಾತ್ರ ಖಾಲಿ. ಇದನ್ನು ಕಂಡರೆ ನಾನು ಮೊದಲು ಕೇಳುವುದು ಎನ್‌ಎಫ್‌ಎಸ್ ಮೌಂಟ್, ಅಂದರೆ ನೆಟ್‌ವರ್ಕ್ ಮೂಲಕ ಜೋಡಿಸಿದ ಬೇರೆ ಸರ್ವರ್‌ನ ಡಿಸ್ಕ್, ಇದೆಯಾ ಅಂತ. ಆಚೆಯ ಸರ್ವರ್ ಉತ್ತರ ಕೊಡದಿದ್ದರೆ ಹಾರ್ಡ್ ಮೌಂಟ್ ಆದ ಎನ್‌ಎಫ್‌ಎಸ್ ಕಾಯುತ್ತಲೇ ಇರುತ್ತದೆ. ಅದನ್ನು ಮುಟ್ಟಿದ ಪ್ರಾಸೆಸ್ ಡಿ ಸ್ಟೇಟ್‌ಗೆ, ಅಂದರೆ ಉತ್ತರಕ್ಕೆ ಕಾದು ನಿಂತ ಸ್ಥಿತಿಗೆ, ಹೋಗುತ್ತದೆ. ಹೀಗೆ ಕಾಯುವವರನ್ನೂ ಲಿನಕ್ಸ್ ಲೋಡ್ ಲೆಕ್ಕಕ್ಕೆ ಸೇರಿಸುವುದರಿಂದ ಆ 40. ಡಿಎಫ್‌ಗೆ ಎಲ್ ಆಪ್ಷನ್ ಕೊಟ್ಟು ಲೋಕಲ್ ಡಿಸ್ಕ್‌ಗಳನ್ನು ಮಾತ್ರ ಕೇಳಿ, ಉತ್ತರ ಥಟ್ಟನೆ ಬಂದರೆ ಗುಮಾನಿ ನಿಜ. ನೆಟ್‌ವರ್ಕ್ ಕಡೆ ನೋಡಿ, ಡಿಸ್ಕ್ ಕಡೆ ಅಲ್ಲ.

ಬೂಟ್ ಆಗುವಾಗ ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ ಇರುವ ಎಫ್‌ಸ್ಟ್ಯಾಬ್ ಫೈಲ್ ಮೊದಲ ಶಂಕಿತ. ಹೊಸ ಡಿಸ್ಕ್ ಹಾಕಿದಾಗ ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿರಬಹುದು. ಆ ಹೆಸರುಗಳಿಗೆ ನಿಯತ್ತಿಲ್ಲ, ಫೈಲ್ ಸಿಸ್ಟಮ್‌ಗೆ ಅಂಟಿಕೊಂಡೇ ಇರುವ ಗುರುತು ಸಂಖ್ಯೆಯಾದ ಯುಯುಐಡಿ ಬಳಸಿ. ಇಲ್ಲದಿದ್ದರೂ ನಡೆಯುತ್ತದೆ ಅನ್ನುವ ಡಿಸ್ಕಿಗೆ ನೋಫೇಲ್ ಆಪ್ಷನ್ ಸೇರಿಸಿ. ಎಫ್‌ಸ್ಟ್ಯಾಬ್ ಮುಟ್ಟಿದ ಮೇಲೆ ರೀಬೂಟ್‌ಗೆ ಮೊದಲು ಫೈಂಡ್‌ಎಂಎನ್‌ಟಿ ಕಮಾಂಡ್‌ನ ವೆರಿಫೈ ಆಪ್ಷನ್ ಓಡಿಸಿದರೆ ತಪ್ಪು ಅಲ್ಲೇ ಸಿಗುತ್ತದೆ.

ಕೊನೆಗೆ, ರಿಪೇರಿ

ಓದಿ ಓದಿ ಕೊನೆಗೆ ಲೆಕ್ಕದ ಪುಸ್ತಕವೇ ಕೆಟ್ಟಿದೆ ಅಂತ ಖಾತ್ರಿಯಾಯಿತು ಅಂತಿಟ್ಟುಕೊಳ್ಳಿ. ಕರೆಂಟ್ ಹೋಗಿ ಬಂದದ್ದಷ್ಟೇ ಕಾರಣವಾದರೆ ಬಹಳ ಸಲ ಏನೂ ಮಾಡಬೇಕಿಲ್ಲ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎರಡೂ ಮೆಟಾಡೇಟಾದಲ್ಲಿ, ಅಂದರೆ ಆ ಲೆಕ್ಕದ ಪುಸ್ತಕದಲ್ಲಿ, ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಂಡಿರುತ್ತವೆ. ಮತ್ತೆ ಮೌಂಟ್ ಮಾಡಿದಾಗ ಅದನ್ನು ಓದಿ ಅರ್ಧಕ್ಕೆ ನಿಂತದ್ದನ್ನು ಮುಗಿಸುತ್ತವೆ. ಜರ್ನಲ್ ಕಾಯುವುದು ಪುಸ್ತಕವನ್ನು. ಫೈಲ್ ಒಳಗೆ ನೀವು ಆಗಷ್ಟೇ ಬರೆದ ಸಾಲು ಉಳಿಯುತ್ತದೆ ಅಂತ ಅದು ಮಾತು ಕೊಟ್ಟಿಲ್ಲ.

ಜರ್ನಲ್‌ನಿಂದ ಆಗಲಿಲ್ಲ ಅಂದರೆ ಎಫ್‌ಎಸ್‌ಸಿಕೆ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ: ಡಿಸ್ಕ್ ಸಾಯುತ್ತಿದೆಯಾ? ಹೌದಾದರೆ ರಿಪೇರಿ ಮಾಡಬೇಡಿ. ರಿಪೇರಿ ಅಂದರೆ ಆ ಡಿಸ್ಕನ್ನು ತುಂಬಾ ಓದುವುದು, ಅದರ ಮೇಲೆ ಬರೆಯುವುದು. ಓದಲಾಗದ ಸೆಕ್ಟರನ್ನು ಅದು ಕಳೆದುಹೋದ ದಾಖಲೆ ಅಂತ ತಿಳಿದು ಅಳಿಸಿಯೂ ಬಿಡಬಹುದು. ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ ಬೇರೆ ಒಳ್ಳೆಯ ಡಿಸ್ಕಿಗೆ ಕಾಪಿ ತೆಗೆಯಿರಿ. ಅದು ಚೆನ್ನಾಗಿರುವ ಜಾಗಗಳನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ತಿರುಗಿ ಬರುತ್ತದೆ. ನಿಮ್ಮ ರಿಪೇರಿ ಎಲ್ಲ ಆ ಕಾಪಿಯ ಮೇಲೆ ನಡೆಯಲಿ.

ಇಎಕ್ಸ್‌ಟಿ4 ಆದರೆ ಅನ್‌ಮೌಂಟ್ ಮಾಡಿ, ರೂಟ್ ಡಿಸ್ಕ್ ಆದರೆ ರೆಸ್ಕ್ಯೂ ಮೋಡ್‌ನಲ್ಲಿ ಬೂಟ್ ಮಾಡಿ. ಮೊದಲ ಓಟ ಎನ್ ಆಪ್ಷನ್ ಜೊತೆ. ಆಗ ಅದು ಏನೇನು ಸರಿ ಮಾಡಬೇಕಿದೆ ಅಂತ ಹೇಳುತ್ತದೆ, ಏನನ್ನೂ ಮುಟ್ಟುವುದಿಲ್ಲ. ಹತ್ತು ಸಾಲು ಬಂದರೆ ಧೈರ್ಯವಾಗಿ ಮುಂದುವರಿಯಿರಿ. ಸಾವಿರಾರು ಸಾಲು ಬಂದರೆ ನಿಲ್ಲಿಸಿ, ಬ್ಯಾಕಪ್ ಎಲ್ಲಿದೆ ನೋಡಿ. ಸೂಪರ್‌ಬ್ಲಾಕ್ (ಇಡೀ ಫೈಲ್ ಸಿಸ್ಟಮ್‌ನ ಮೂಲ ವಿವರ ಇರುವ ಬ್ಲಾಕ್) ಓದಲಾಗುತ್ತಿಲ್ಲ ಅಂದರೆ ಗಾಬರಿ ಬೇಡ, ಅದರ ಪ್ರತಿಗಳು ಬೇರೆ ಕಡೆಯೂ ಇರುತ್ತವೆ. 4 ಕೆಬಿ ಬ್ಲಾಕ್ ಇರುವ ಡಿಸ್ಕಿನಲ್ಲಿ ಸಾಮಾನ್ಯವಾಗಿ ಮೊದಲ ಪ್ರತಿ 32768ನೇ ಬ್ಲಾಕ್‌ನಲ್ಲಿ. ಬಿ ಆಪ್ಷನ್‌ಗೆ ಆ ನಂಬರ್ ಕೊಟ್ಟು ಓಡಿಸಬಹುದು.

ಎಕ್ಸ್‌ಎಫ್‌ಎಸ್ ಮೇಲೆ ಎಫ್‌ಎಸ್‌ಸಿಕೆ ಓಡಿಸಿ 'ಎರರ್ ಬರಲಿಲ್ಲ' ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ಅಲ್ಲಿ ಆ ಕಮಾಂಡ್ ಏನನ್ನೂ ತಪಾಸಣೆ ಮಾಡುವುದೇ ಇಲ್ಲ. ಎಕ್ಸ್‌ಎಫ್‌ಎಸ್ ರಿಪೇರ್ ಅನ್ನುವ ಬೇರೆ ಟೂಲ್ ಇದೆ. ಲಾಗ್‌ನಲ್ಲಿ ಬಾಕಿ ಇದೆ, ಮೊದಲು ಮೌಂಟ್ ಮಾಡಿ ಅಂತ ಅದು ಹೇಳಿದರೆ ಹಾಗೆಯೇ ಮಾಡಿ. ದೊಡ್ಡ ಎಲ್ ಆಪ್ಷನ್ ಕೊಟ್ಟರೆ ಲಾಗ್ ಅನ್ನೇ ಒರೆಸಿ ಮುಂದೆ ಹೋಗುತ್ತದೆ, ಬಾಕಿ ಇದ್ದದ್ದೂ ಅದರ ಜೊತೆ ಹೋಗುತ್ತದೆ. ಮೌಂಟ್ ಆಗಲೇ ಇಲ್ಲ ಅಂದಾಗಿನ ಕೊನೆಯ ದಾರಿ ಅದು. ಬಿಟಿಆರ್‌ಎಫ್‌ಎಸ್ ಅನ್ನುವ ಮತ್ತೊಂದು ಫೈಲ್ ಸಿಸ್ಟಮ್‌ನ ಚೆಕ್ ಕಮಾಂಡ್‌ಗೆ ರಿಪೇರ್ ಆಪ್ಷನ್ ಕೊಡುವುದೂ ಹೀಗೆಯೇ ಅಪಾಯ, ಅದರ ಮ್ಯಾನ್ಯುಯಲ್ಲೇ ಎಚ್ಚರಿಸುತ್ತದೆ.

ಎಫ್‌ಎಸ್‌ಸಿಕೆ ಮುಗಿಸಿದಾಗ ಎಕ್ಸಿಟ್ ಕೋಡ್, ಅಂದರೆ ಅದು ಕೊನೆಗೆ ಕೊಡುವ ಫಲಿತಾಂಶದ ನಂಬರ್, ನೋಡಿ. 0 ಅಂದರೆ ತಪ್ಪೇ ಇರಲಿಲ್ಲ. 1 ಅಂದರೆ ಇದ್ದದ್ದು ಸರಿಯಾಯಿತು. 4 ಅಂದರೆ ಸರಿಯಾಗದೆ ಉಳಿದದ್ದು ಇದೆ, ಇನ್ನೊಮ್ಮೆ ಓಡಿಸಬೇಕು. 0 ಅಥವಾ 1 ಬಂದರೂ ಲೆಕ್ಕ ತನಗೆ ತಾನೇ ತಾಳೆಯಾಯಿತು ಅಂತ ಮಾತ್ರ. ಹೆಸರು ಕಳೆದುಕೊಂಡ ಐನೋಡ್‌ಗಳನ್ನು ಅದು ಲಾಸ್ಟ್ ಪ್ಲಸ್ ಫೌಂಡ್ ಡೈರೆಕ್ಟರಿಗೆ ತಂದು ಹಾಕಿರುತ್ತದೆ. ಅಲ್ಲಿ ಹೆಸರಿನ ಬದಲು ಹ್ಯಾಶ್ ಚಿಹ್ನೆ, ಮುಂದೆ ಐನೋಡ್ ನಂಬರ್. ಫೈಲ್ ಅನ್ನುವ ಕಮಾಂಡ್ ಓಡಿಸಿದರೆ ಯಾವುದು ಚಿತ್ರ, ಯಾವುದು ಟೆಕ್ಸ್ಟ್, ಯಾವುದು ಕಂಪ್ರೆಸ್ ಆದದ್ದು ಅಂತ ತಿಳಿಯುತ್ತದೆ. ಗಾತ್ರ, ತಾರೀಕು, ಮಾಲೀಕ ನೋಡಿ ಬ್ಯಾಕಪ್ ಜೊತೆ ಹೋಲಿಸುತ್ತಾ ಒಂದೊಂದನ್ನೇ ಮನೆಗೆ ಸೇರಿಸಬಹುದು. ಡೇಟಾಬೇಸ್‌ನ ಫೈಲ್ ಅಲ್ಲಿ ಸಿಕ್ಕರೆ ಮಾತ್ರ ಅದನ್ನು ಎತ್ತಿ ಹಳೆಯ ಜಾಗದಲ್ಲಿಟ್ಟು ಸರ್ವಿಸ್ ಶುರು ಮಾಡಬೇಡಿ. ಅದರೊಳಗಿನ ಯಾವ ಪೇಜ್ ಹಳೆಯದು, ಯಾವುದು ಹೊಸದು ಅಂತ ಫೈಲ್ ಸಿಸ್ಟಮ್‌ಗೆ ಗೊತ್ತಿಲ್ಲ. ಅದನ್ನು ಪಕ್ಕಕ್ಕೆ ಎತ್ತಿಟ್ಟು, ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿ.